ಮಾವನ ಗಾಡಿಯ ತೂಕ

ಶಹಾಪುರ, ಯಾದಗಿರಿ ಜಿಲ್ಲಾ
೧೩ ಡಿಸೆಂಬರ್ ೨೦೨೫, ಶನಿವಾರ

ಪ್ರೀತಿಯ ಮೌನೇಶ್ವರಿ ಅಪ್ಪಾರಿಗೆ,

ನಿಮ್ಮ ಪರಿಮಳಾ ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದಾಳ ಅಂತ ತಿಳ್ಕೋರಿ. ಹತ್ರ ಇದ್ದಾಗ ಬಿದ್ದದ್ದು ಕಮ್ಮಿ, ಅದಕ್ಕ ದೂರದಿಂದ ಬಡ್ಡಿ ಸಹಿತ ಬೀಳಾಕತ್ತೇನಿ. ಹ್ಯಾಂಗಿದ್ದೀರಿ? ಕೈಬೆರಳು ಸೀಳಿದ್ವು ಅಂದಿದ್ರಿ, ಮಾಯ್ದಾವೇನು? ಹೊತ್ತಿಗೆ ಸರಿ ಉಣ್ಣಾಕತ್ತೀರೋ, ಇಲ್ಲ ಬರೇ ಚಾ ಕುಡಿದು ದಿನ ದೂಡಾಕತ್ತೀರೋ? ಇಲ್ಲಿ ಮುಂಜಾನಿ ಒಂದೀಟು ಥಂಡಿ ಗಾಳಿ ಬಿಟ್ರ ನಿಮ್ಮ ಮಗಳು ಕೌದ್ಯಾಗಿಂದ ಹೊರಗ ಬರಂಗಿಲ್ಲ. ನೀವು ಲಡಾಖಿನ ಬರ್ಫಿನಾಗ ಮಿಲಿಟರಿ ಲಾರಿ ಓಡಿಸೋದು ನೆನಸ್ಕೊಂಡ್ರ ನನಗ ಉಂಡದ್ದು ಇಳಿಯಂಗಿಲ್ಲ. ಅತ್ತಿಯವರು ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬ್ಯಾರ, ಸಜ್ಜಿ ರೊಟ್ಟಿ ಕಟಿ ಮಾಡಿ ಕಟ್ಟ್ಯಾರ, ಈ ಪತ್ರದ ಜೋಡಿ ಪಾರ್ಸಲ್ ಬರ್ತದ. "ಎಲ್ಲಾ ನೀನೇ ತಿನ್ನು, ದೋಸ್ತರಿಗೆ ಹಂಚಬ್ಯಾಡ" ಅಂತ ಬರೀಬೇಕಂತ. ನೀವು ಹಂಚೇ ಹಂಚ್ತೀರಿ ಅಂತ ಗೊತ್ತಿದ್ದು ನಾ ಎರಡು ಡಬ್ಬಿ ಇಟ್ಟೀನಿ.

ಫೋನ್ ಇದ್ದಮ್ಯಾಲ ಪತ್ರ ಯಾಕ ಅಂತ ಕೇಳ್ತೀರಿ. ನಿಮ್ಮ ಫೋನ್ ಹದಿನೈದು ದಿನಕ್ಕೊಮ್ಮಿ ಬರ್ತದ, ಅದರಾಗ ನಾ ಗಾಡಿ ಸುದ್ದಿ ತೆಗೆದ ಕೂಡ್ಲೆ "ಆ ಮಾತು ಬ್ಯಾಡ" ಅಂತ ಇಟ್ಟುಬಿಡ್ತೀರಿ. ಪತ್ರಾನ ಹಂಗ ಕಟ್ ಮಾಡಾಕ ಬರಂಗಿಲ್ಲ. ಹರಿದು ಒಗೀಬಹುದು, ಆದ್ರ ಹೆಂಡ್ತಿ ಅಕ್ಷರ ಹರಿಯೋಷ್ಟು ಕೆಟ್ಟ ಮನುಷ್ಯಾ ನೀವಲ್ಲ ಅಂತ ನಂಬಿ ಬರಿಯಾಕತ್ತೇನಿ. ಸಾಲ್ಯಾಗ ಮಕ್ಕಳಿಗೆ ಶುದ್ಧ ಬರೀರಿ ಅಂತ ಕೆಂಪು ಪೆನ್ನು ಹಿಡಿಯೋ ಟೀಚರಮ್ಮ ಗಂಡಗ ಬರೀವಾಗ ಮನಿ ಮಾತೇ ಬರೀತಾಳ ಅಂತ ನಗಬ್ಯಾಡ್ರಿ. ಸಿಟ್ಟು, ಅಳು, ನಗಿ ಮೂರೂ ನನಗ ಇದೇ ಮಾತಿನಾಗ ಬರ್ತಾವ, ಇವತ್ತು ಮೂರೂ ಅದಾವ.

ಮೊದಲ ಎಲ್ಲಾರ ಸುದ್ದಿ. ಅತ್ತಿಯವರು ಆರಾಮ ಇದ್ದಾರ, ಮೊಣಕಾಲು ನೋವು ಅಂತಾರ, ಬಾಯಿಗೆ ಮಾತ್ರ ದೇವರ ದಯೆ, ಒಂದು ದಿನಾನೂ ನೋವು ಬಂದಿಲ್ಲ. ಮೌನೇಶ್ವರಿ ಮುಂದಿನ ಎರಡು ಹಲ್ಲು ಬಿದ್ದು "ಅಪ್ಪ" ಅಂದ್ರ "ಅಫ್ಫ" ಅಂತಾಳ. ಸುನೀಲನ ಪ್ಲಾಸ್ಟರ್ ತೆಗೆದಾರ, ಎಲುಬು ಚೊಲೋ ಕೂಡ್ಯಾದ, ಕೋಲು ಹಿಡಿದು ಓಣಿ ತುದಿ ತನಕ ಹೋಗಿ ಬರಾಕತ್ತಾನ. ಮುಂದಿನ ತಿಂಗಳು ಕಡೇಚೂರಿನ ಫ್ಯಾಕ್ಟರಿ ಕೆಲಸಕ್ಕ ಮತ್ತ ಹೋಗ್ತಾನಂತ. ನೀವು ದೀಪಾವಳಿ ಸೂಟಿಗೆ ಬಂದವರು ತಮ್ಮನ ಕೂಡ ಒಂದು ಮಾತೂ ಆಡದಂಗ ಹೋದ್ರಿ. ಅವ ಈಗ ನಿಮ್ಮ ಫೋನ್ ಬಂದಾಗೊಮ್ಮಿ ಅಡಿಗಿ ಮನಿ ಬಾಗಿಲಿಗೆ ಬಂದು ನಿಂತು, ನಾ ಇಟ್ಟಮ್ಯಾಲ "ಅಣ್ಣ ನನ್ನ ಕೇಳಿದನೇನು ವೈನಿ?" ಅಂತಾನ. ಕೇಳ್ಯಾರಪ್ಪ ಅಂತ ಸುಳ್ಳು ಹೇಳ್ತೀನಿ. ನನ್ನ ಮಾರಿ ನೋಡಿ ಅವಗೂ ಗೊತ್ತಾಗ್ತದ.

ಈಗ ಗಾಡಿ ಸುದ್ದಿ. ಕುಂತು ಓದ್ರಿ. ನೀವು ಹೋಗೋ ದಿನ ಮಾವ ಬಿಟ್ಟುಹೋದ ಮೋಟರ್ ಸೈಕಲ್ ಮ್ಯಾಲ ತಾಡಪತ್ರಿ ಹೊಚ್ಚಿ, "ಇದು ನನ್ನ ತಮ್ಮನ ಕಾಲು ಮುರಿದ ಗಾಡಿ, ಮನಿ ಮುಂದ ಇರಬಾರ್ದು" ಅಂದ್ರಿ. ಹಳೇ ಗಾಡಿ ಕೂಡಿಸೋ ಹೈದರಾಬಾದಿನವರಿಗೆ ಮಾತು ಕೊಟ್ರಿ, ಡಿಸೆಂಬರ್ ಕೊನಿಗೆ ಬಂದು ಒಯ್ತಾರಂದ್ರಿ. ನಾ ಬಾಯಿ ತೆಗೆದ್ರ "ಮಾತು ಅಂದ್ರ ಮಾತು" ಅಂತ ಬಾಯಿ ಮುಚ್ಚಿಸಿದ್ರಿ. ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ ಅಂತಾರಲ್ಲ, ನಿಮ್ಮದು ತಮ್ಮನ ಮ್ಯಾಲಿನ ಸಿಟ್ಟು ಗಾಡಿ ಮ್ಯಾಲ. ಅವತ್ತು ನಾ ಸುಮ್ಕ ಇದ್ದೆ. ನನಗೂ ಆ ಗಾಡಿ ಕಂಡ್ರ ಆಸ್ಪತ್ರಿ ನೆನಪಾಗ್ತಿತ್ತು.

ಆದ್ರ ಒಂದು ಮಾತು. ಅದು ಬರೇ ಒಂದು ರಾಜದೂತ ಥ್ರೀ ಫಿಫ್ಟಿ ಅಂತ ನಿಮ್ಮ ಹೈದರಾಬಾದಿನವರು ತಿಳಿದಿರಬಹುದು. ಜಪಾನದವರ ನಕ್ಷಿ, ನಮ್ಮ ದೇಶದಾಗ ತಯಾರಾದದ್ದು, ಎರಡು ಸಿಲಿಂಡರ್, ಎರಡು ಸೈಲೆನ್ಸರ್, ಆ ಕಾಲಕ್ಕ ಅದರ ಮುಂದ ಯಾವ ಗಾಡೀನೂ ನಿಲ್ತಿರ್ಲಿಲ್ಲ, ಇದೆಲ್ಲಾ ಅವರಿಗೆ ಗೊತ್ತು. ಮಾವ ಭೀಮರಾಯನಗುಡಿ ಕ್ಯಾಂಪಿನ ಕಾಲುವಿ ಆಫೀಸಿನಾಗ ಡ್ರೈವರ್ ಇದ್ದಾಗ, ವರ್ಗ ಆಗಿ ಹೋಗೋ ಇಂಜಿನಿಯರ್ ಸಾಹೇಬ್ರು "ಅಂಬ್ರಪ್ಪ, ಇದನ್ನ ಸಂಭಾಳಿಸೋ ಗಂಡು ನೀನೊಬ್ಬನೇ" ಅಂತ ಕೊಟ್ಟು ಹೋದ ಗಾಡಿ ಅದು. ಪೆಟ್ರೋಲ್ ಕುಡಿಯೋದ್ರಾಗ ಅದರಷ್ಟು ಕುಡುಕ ಇನ್ನೊಂದಿಲ್ಲ ಅಂತ ಅತ್ತಿಯವರು ಜೀವನಪೂರ್ತಿ ಬೈದಾರ. ಆದ್ರ ಹೊಳಿ ಬಂದ ವರ್ಷ ನಾರಾಯಣಪುರ ಡ್ಯಾಮಿನ ಬಾಗಿಲು ತೆಗಿಯೋ ಮುಂದ, ಸುರಪುರ ತಾಲ್ಲೂಕಿನ ದಂಡಿ ಊರಿಗೆಲ್ಲಾ ಸುದ್ದಿ ಮುಟ್ಟಿಸಾಕ ಮಾವ ಇದೇ ಗಾಡಿ ಮ್ಯಾಲ ಹೋಗಿದ್ರು. ಬಾಯಿ ಬಿಟ್ಟು ಕೂಗೋದೇ ಬೇಕಿರ್ಲಿಲ್ಲಂತ, ಅಂಬ್ರಪ್ಪನ ಗಾಡಿ ಸಪ್ಪಳ ಬಂತಂದ್ರ ನೀರು ಬಂತು ಅಂತ ಮಂದಿ ಗಂಟು ಕಟ್ಟತಿದ್ರಂತ. ಇನ್ನ ನನ್ನದು ಹೇಳ್ತೀನಿ. ಮದುವಿಯಾದ ವರ್ಷ ಯಾದಗಿರಿಯಾಗ ನನ್ನ ಟೀಚರ್ ಕೆಲಸದ ಪರೀಕ್ಷಾ, ಬಸ್ ತಪ್ಪಿತು, ನಾ ಕಟ್ಟಿ ಮ್ಯಾಲ ಕುಂತು ಅಳಾಕತ್ತಿದ್ದೆ. ನೀವು ಊರಾಗಿರ್ಲಿಲ್ಲ. ಮಾವ ಬಂದು "ಸೆರಗು ಬಿಗಿ ಕಟ್ಟವಾ, ಕಣ್ಣು ಮುಚ್ಚು" ಅಂದ್ರು. ಕಣ್ಣು ತೆಗೆದಾಗ ಪರೀಕ್ಷಾ ಗೇಟಿನ ಮುಂದ ಇದ್ದೆ. ಸೊಸಿಯನ್ನ ಹಿಂದ ಕುಂದ್ರಿಸ್ಕೊಂಡು ಹೋದ ಅಂತ ಓಣ್ಯಾಗ ನಾಕು ಮಂದಿ ನಕ್ರು, ಮಾವ ಅವರಿಗೆ ಹೊಗಿ ಬಿಟ್ಟು ಹೋದ್ರು. ಇವತ್ತು ನಾ ಉಣ್ಣೋ ಅನ್ನದಾಗ ಆ ಗಾಡಿ ಪಾಲು ಅದ.

ಈಗ ಮುಖ್ಯ ಮಾತಿಗೆ ಬರ್ತೀನಿ. ಶ್ರಾವಣದಾಗ ಸುನೀಲ ಕಾಲು ಮುರ್ಕೊಂಡಾಗ ಅವನೇ ಹೇಳಿದ್ದು ಏನು? ಸುರಪುರ ರೋಡಿನಾಗ ಎಮ್ಮಿ ಅಡ್ಡ ಬಂತು, ಅಪ್ಪನ ಗಾಡಿ ಮೈಮ್ಯಾಲ ಬಿತ್ತು ಅಂತ. ನಾವೆಲ್ಲಾ ನಂಬಿದ್ವಿ. ಗಾಡಿ ನೋಡಿದ್ರ ಒಂದು ಗೀರೂ ಇಲ್ಲ. ಅದನ್ನ ನೋಡಿ ಯಾರಿಗರೆ ಸಂಶೆ ಬರಬೇಕಿಲ್ಲೋ? ಬರ್ಲಿಲ್ಲ. "ಹಳೇ ಕಬ್ಬಣ ನೋಡ್ರಿ, ತನಗ ಏನೂ ಆಗಿಲ್ಲ, ನನ್ನ ಮಗನ ಕಾಲೇ ತಿಂತು" ಅಂತ ಅತ್ತಿಯವರು ಅತ್ರು, ನಾವು ಹೌದು ಹೌದು ಅಂದ್ವಿ. ಎತ್ತು ಈದದ ಅಂದ್ರ ಕರ ಕಟ್ಟು ಅಂತಾರಲ್ಲ, ಹಂಗ. ನೀವೂ ಸಿಟ್ಟಾದದ್ದು ಅದಕ್ಕೇ ಅಲ್ಲೇನು? ಶಹಾಪುರ ದಾಟಿ ಗಾಡಿ ಒಯ್ಯಬ್ಯಾಡ ಅಂತ ನೀವು ಹೇಳಿದ್ದನ್ನ ಅವ ಮುರಿದ, ಮ್ಯಾಲ ತನಗ ಗೀರು ಬೀಳದಂಗ ತಮ್ಮನ ಕಾಲು ಮುರಿದ ಗಾಡಿ ಅಂತ ಅದರ ಮ್ಯಾಲೂ ಸಿಟ್ಟು.

ಆಸ್ಪತ್ರಿಯಾಗ ಸುನೀಲನ್ನ ಆಪರೇಷನ್ನಿಗೆ ಒಳಗ ಒಯ್ದಾಗ ಅತ್ತಿಯವರು ಗ್ವಾಡಿಗೆ ಹಣಿ ಹಚ್ಚಿ ನಿಂತು ತಿಂಥಣಿ ಮೌನೇಶ್ವರಗ ಹರಕಿ ಹೊತ್ರು. ಮಂದಿ ಮಕ್ಕಳ ತೂಕದ ಬೆಲ್ಲ ಹೊರ್ತಾರ, ಸಕ್ಕರಿ ಹೊರ್ತಾರ. ನಮ್ಮ ಅತ್ತಿಯವರು "ನನ್ನ ಮಗನ ಮ್ಯಾಲ ಎಷ್ಟು ಭಾರ ಬಿತ್ತೋ ಅಷ್ಟು ಬೆಲ್ಲ ನಿನಗ ಕೊಡ್ತೀನಪ್ಪಾ, ಅವ ಎರಡು ಕಾಲಿನ ಮ್ಯಾಲ ನಿಲ್ಲಲಿ" ಅಂದುಬಿಟ್ರು. ಈ ಹರಕಿ ಸುದ್ದಿ ನಿಮಗ ಹೇಳಿರ್ಲಿಲ್ಲ, ನೀವು ನಗ್ತೀರಿ ಅಂತ. ಅವ ಈಗ ನಿಂತಾನ. ಹರಕಿ ತೀರಿಸಬೇಕು. ಅಂದ್ರ ಗಾಡಿ ತೂಗಬೇಕು.

ಹೋದ ಸೋಮವಾರ ಸುನೀಲನ ಗೆಳೆಯ ಇನಾಯತನ್ನ ಕರಿಸಿದ್ವಿ, ಸುನೀಲಗ ಇನ್ನ ಗಾಡಿ ದಬ್ಬಾಕ ಆಗಂಗಿಲ್ಲ ಅಂತ. ಇನಾಯತ ನಿಮಗ ಗೊತ್ತು, ಮುಷರಫ ಭಾಯಿ ಗ್ಯಾರೇಜಿನಾಗ ಕೆಲಸ ಮಾಡೋ ಹುಡುಗ, ಮೈಯಾಗ ಮಾಂಸ ಇಲ್ಲ, ಬಾಯಾಗ ಬರೇ ಗಾಡಿ ಮಾತು. ಅವ ತಾಡಪತ್ರಿ ತೆಗೆದು, ಧೂಳ ಒರಸಿ, ಮಾತಿಲ್ಲದಂಗ ಗಾಡಿ ದಬ್ಬಿದ. ಹಿಂದ ಕೋಲು ಊರಿ ಸುನೀಲ, ಅವನ ಹಿಂದ ಅತ್ತಿಯವರು, ಮೌನೇಶ್ವರಿ ಕೈ ಹಿಡಿದು ನಾನು. ಮೆರವಣಿಗಿ ನೋಡಿ ಓಣಿ ಮಂದಿ ಹೊರಗ ಬಂದ್ರು. ತೂಕದ ದೊಡ್ಡ ಕಾಟಾ ಇರೋದು ತಾಯಪ್ಪ ಸಾಹುಕಾರರ ಅಡತಿ ಅಂಗಡ್ಯಾಗ. ಅಲ್ಲಿ ಹತ್ತಿ ಸುಗ್ಗಿ, ಅಂಡಿಗಿ ಮ್ಯಾಲ ಅಂಡಿಗಿ, ಹಮಾಲರು ಹತ್ತಿ ಬಿಟ್ಟು ಗಾಡಿ ನೋಡಾಕ ನಿಂತ್ರು. ಸಾಹುಕಾರರು "ಅಲ್ಲವಾ ಮರಿಲಿಂಗಮ್ಮ, ಕಂಪನಿ ಪುಸ್ತಕದಾಗ ತೂಕ ಬರೆದಿರ್ತಾರ, ಅಷ್ಟು ಬೆಲ್ಲ ತಗೊಂಡ್ರ ಆತಿಲ್ಲೋ?" ಅಂದ್ರು. ಅತ್ತಿಯವರು "ಕಂಪನಿಯವರು ನನ್ನ ಮಗನ ಕಾಲು ನೋಡ್ಯಾರೇನ್ರಿ? ಬಾಯಿ ಮಾತಿನ ತೂಕ ದೇವರಿಗೆ ನಡಿಯಂಗಿಲ್ಲ, ಕಾಟಾದ ಮ್ಯಾಲ ಬರಬೇಕು" ಅಂದ್ರು. ಇನ್ನೊಬ್ಬಾತ ಪೆಟ್ರೋಲ್ ಟಾಕಿ ಖಾಲಿ ಮಾಡಿ ತೂಗಿದ್ರ ಬೆಲ್ಲ ಉಳೀತದ ಅಂತ ಬುದ್ಧಿ ಹೇಳಾಕ ಬಂದ. ಅವನಿಗೆ ಸಿಕ್ಕ ಮಂಗಳಾರತಿ ಬರಿಯಾಕ ನನ್ನ ಪೆನ್ನಿಗೆ ನಾಚಿಗಿ. ಕಾಲಿನ ಮ್ಯಾಲ ಪೆಟ್ರೋಲ್ ಸಹಿತ ಬಿದ್ದದ್ದು ಪೆಟ್ರೋಲ್ ಸಹಿತ ತೂಗ್ಲೇಬೇಕು ಅಂತ ಠರಾವಾತು, ಟಾಕಿ ತುಂಬಿಸಿ ತಂದ್ರು.

ಗಾಡಿ ಕಾಟಾದ ಮ್ಯಾಲ ಏರಿತು. ನೂರಾ ಐವತ್ತಾರು ಕಿಲೋ. ಇಷ್ಟು ವರ್ಷ ಸಪ್ಪಳ ಮಾಡಿದ ಗಾಡಿ ಇಷ್ಟೇನಾ ಅಂತ ನನಗ ಅನಸ್ತು. ಗಾಡಿ ಇಳಿಸಿ ಬೆಲ್ಲದ ಪೆಂಟಿ ಏರಿಸಾಕ ಚಾಲೂ ಮಾಡಿದ್ರು. ಅತ್ತಿಯವರು ಒಂದೊಂದು ಪೆಂಟಿಗೂ ಕೈ ಮುಗೀತಿದ್ರು, ನಡುನಡುವ ಗಾಡಿ ಕಡಿ ತಿರುಗಿ ಬೈತಿದ್ರು. "ನನ್ನ ಗಂಡನ ಬೆವರು ಕುಡಿದು ಬೆಳೆದೆ, ಅವನ ಮಗನ ಕಾಲೇ ಮುರಿದೆಲ್ಲೋ, ನಿನ್ನ ಒಯ್ಯೋರು ಜಲ್ದಿ ಬರ್ಲಿ" ಅಂತಿದ್ರು. ನಾ ಸುನೀಲನ ಮಾರಿ ನೋಡಿದೆ, ಕೆಳಗ ಹಾಕಿದ್ದ. ಕೊನೀ ಪೆಂಟಿ ಇಟ್ರು, ಅಂಕಿ ಸರಿ ಕೂತಿತು, ಸಾಹುಕಾರರು "ಮುಗೀತು ತಗೋ ತಾಯಿ" ಅಂದ್ರು. ಅಷ್ಟ್ರಾಗ ಇನಾಯತ "ಅಮ್ಮಾ, ತೂಕ ಕಮ್ಮಿ ಅದ" ಅಂದ.

ತಾಯಪ್ಪ ಸಾಹುಕಾರರು ಎದ್ದು ನಿಂತೇಬಿಟ್ರು. ಸುಗ್ಗ್ಯಾಗ, ಅಷ್ಟು ರೈತರ ಮುಂದ, ಕಾಟಾ ತಪ್ಪು ಅಂದ್ರ ಸುಮ್ಕಿರ್ತಾರೇನು? "ಲೇ, ನಮ್ಮ ಅಪ್ಪನ ಕಾಲದಿಂದ ಈ ಅಂಗಡಿ ಮ್ಯಾಲ ಒಬ್ಬರ ಬಾಯಿ ಬಂದಿಲ್ಲ" ಅಂತ ಮೈಮ್ಯಾಲ ಹೋದ್ರು. ಇನಾಯತ ಅಳಾಕ ಹತ್ತಿದ. "ಕಾಟಾ ಖರೆ ಅದ ಸಾಹುಕಾರ್ರೆ, ಗಾಡೀನೇ ತಪ್ಪು ಅದ" ಅಂದ. ಸುನೀಲ ಕೋಲು ಬಿಟ್ಟು ಓಡಿ ಹೋಗಿ ಅವನ ಬಾಯಿ ಮುಚ್ಚಾಕ ನೋಡಿದ. ಮುರಿದ ಕಾಲಿನ್ಯಾಗ ಓಡಿದ, ನೋಡ್ರಿ. ಡಾಕ್ಟರ್ ಕಂಡಿದ್ರ ಅಲ್ಲೇ ಎದಿ ಒಡ್ಕೋತಿದ್ರು. ಆದ್ರ ಇನಾಯತ ನಿಲ್ಲಲಿಲ್ಲ, ಎಲ್ಲಾ ಹೇಳಿಬಿಟ್ಟ.

ಆದದ್ದು ಇಷ್ಟು. ಯಾದಗಿರಿಯ ಗುತ್ತೇದಾರರ ಮಗನ ಹಯಾಬುಸಾ ಗಾಡಿ ಆಗ ಮುಷರಫ ಭಾಯಿ ಗ್ಯಾರೇಜಿಗೆ ಬಂದಿತ್ತಂತ. ನೀವು ಆ ಗಾಡಿ ನೋಡಿರಬೇಕು, ಕೋಣದಂಥ ಮೈ, ನಾಕು ಸಿಲಿಂಡರ್, ನಮ್ಮ ಮುನ್ನೂರೈವತ್ತರ ಮುಂದ ಅದರ ಇಂಜಿನ್ ನಾಕು ಪಟ್ಟು ದೊಡ್ಡದಂತ. ಹೆಸರು ಜಪಾನಿ ಮಾತಿನಾಗ ಒಂದು ಜಾತಿ ಡೇಗಿಯದು ಅಂತ ಇನಾಯತ ಎಲ್ಲಾರಿಗೂ ಪಾಠ ಹೇಳ್ತಿರ್ತಾನ. ಚಾ ಹೋಟೆಲಿನಾಗ ಅವಗೂ ಸುನೀಲಗೂ ದಿನಾ ಇದೇ ಜಗಳ. ಅವ ಅನ್ನೋದು, ಓಟ ಅಂದ್ರ ಹಯಾಬುಸಾ, ಉಳಿದವೆಲ್ಲಾ ಸೈಕಲ್ಲು. ಇವ ಅನ್ನೋದು, ನಿಮ್ಮದು ಕಿಸೆ ದೊಡ್ಡದಿದ್ದವರ ಗಾಡಿ, ನಮ್ಮದು ಮಂದಿ ಬಾಯಾಗ ಇನ್ನೂ ಇರೋ ಗಾಡಿ, ಮೈ ಹಗೂರ, ರೇಸ್ ಕೊಟ್ರ ಏಳೋದು ನೋಡು, ನಲವತ್ತು ವರ್ಷ ಆದ ಮ್ಯಾಲ ನಿಂದು ಹ್ಯಾಂಗಿರ್ತದ ಅಂತ ಬಂದು ಹೇಳು. ಬಾಯಿ ಜಗಳ ಹರೀಲಿಲ್ಲ. ಒಂದಿನ ಇನಾಯತ ಸರ್ವೀಸ್ ಆದ ಗಾಡಿ ಓಡಿಸಿ ನೋಡೋ ನೆವದಾಗ ಅದನ್ನ ಹೊರಗ ತಂದ, ಸುನೀಲ ಅಪ್ಪನ ಗಾಡಿ ತಂದ, ಸುರಪುರ ರೋಡಿನಾಗ ಅದಲು ಬದಲು ಮಾಡ್ಕೊಂಡ್ರು.

ಸುನೀಲ ಜೋರು ಹೋಗಿ ಬಿದ್ದಾನೇನು? ಇಲ್ಲ. ಅದಕ್ಕೇ ಅವಗ ನಾಚಿಗಿ. ಓಡೋವಾಗ ಏನೂ ಆಗಿಲ್ಲ, ತಿರುಗಿ ಬಂದು ಚಾ ಹೋಟೆಲಿನ ಮುಂದ ನಿಲ್ಲಿಸಿದಾಗ ಗರಸಿನ ಮ್ಯಾಲ ಕಾಲು ಜಾರಿತು, ನಿಂತ ಗಾಡಿ ವಾಲಿತು. ನಿಮಗ ಗೊತ್ತಲ್ಲ, ಮಾವನ ಗಾಡಿ ವಾಲಿದ್ರ ಸುನೀಲ ತೊಡಿ ಕೊಟ್ಟು ತಡೀತಾನ, ನೀವೇ ಕಲಿಸಿದ್ದು. ಅದೇ ರೂಢಿಲೆ ಇದಕ್ಕೂ ಕಾಲು ಕೊಟ್ಟ. ನೂರೈವತ್ತು ತಡಿಯೋ ಕಾಲು, ಎರಡ್ನೂರ ಅರವತ್ತರ ಮ್ಯಾಲ ತಡೀತದೇನು? ಎಲುಬು ಲಟಕ್ ಅಂತು. ಎಮ್ಮಿ ಇಲ್ಲ, ಗಿಮ್ಮಿ ಇಲ್ಲ. ಇನಾಯತನ ಕೆಲಸ ಹೋಗ್ತದ, ಅವನ ತಾಯಿ ಕುಬ್ರಾಬೇಗಂ ಔಷಧ ಅವನ ಪಗಾರದಾಗೇ ನಡೀತದ ಅಂತ, ಅಷ್ಟು ನೋವಿನಾಗೂ ಸುನೀಲ "ನಮ್ಮ ಅಪ್ಪನ ಗಾಡಿ ಬಿತ್ತು ಅಂತ ಹೇಳು" ಅಂದಾನ. ನಿಮ್ಮ ಮೌನ, ಅತ್ತಿಯವರ ಬೈಗಳ ಎಲ್ಲಾ ನುಂಗ್ಯಾನ. ಗಾಡಿ ಮಾರ್ತೀನಿ ಅಂತ ನೀವು ಅಂದ ದಿನ ತಾಡಪತ್ರಿ ಕೆಳಗ ಹೊಕ್ಕು ಅತ್ತಾನಂತ. ಇನಾಯತ ಅದನ್ನೂ ಹೇಳಿದ.

ಅತ್ತಿಯವರು ಹತ್ತಿ ಅಂಡಿಗಿ ಮ್ಯಾಲ ಕುಂತುಬಿಟ್ರು. ಆಮ್ಯಾಲ ಎದ್ದು ಸುನೀಲನ ಕಪಾಳಕ್ಕ ಒಂದು ಕೊಟ್ರು, ಅದೇ ಕೈಲೆ ಗಲ್ಲ ಸವರಿ ಲಟಿಕಿ ಮುರಿದ್ರು. ಗಾಡಿ ಹತ್ರ ಹೋಗಿ ಸೆರಗಿಲೆ ಟಾಕಿ ಒರಸಿ "ತಪ್ಪಾತಪ್ಪಾ, ಸುಳ್ಳೇ ಬೈದೆ" ಅಂದ್ರು. ನಾ ಅಲ್ಲಿ ತನಕ ತಡ್ಕೊಂಡಿದ್ದೆ, ಆಗ ಆಗ್ಲಿಲ್ಲ, ಅತ್ತುಬಿಟ್ಟೆ. ಆದ್ರ ನಿಮ್ಮವ್ವ ಯಾರು? ಕಣ್ಣೀರು ಒರಸ್ಕೊಂಡ ಕೂಡ್ಲೆ ಕೇಳಿದ ಮೊದಲ ಮಾತು, "ಆ ಗಾಡಿ ತೂಕ ಎಷ್ಟಲೇ?" ಇನಾಯತ ಎರಡ್ನೂರ ಅರವತ್ತನಾಲ್ಕರ ಆಜುಬಾಜು ಅಂದ. ಬಾಯಿ ಮಾತಿನ ತೂಕ ನಡಿಯಂಗಿಲ್ಲ ಅಂತ ತಾವೇ ಅಂದಾರ, ಆ ಗಾಡಿ ಅದರ ಮಾಲಕರ ಮನ್ಯಾಗ ಯಾದಗಿರಿಯಾಗ ಅದ. ಅದಕ್ಕ ಅತ್ತಿಯವರು "ಅಪ್ಪನ ಗಾಡಿ ಮತ್ತ ಏರಸ್ರಿ, ಈ ಇಬ್ರು ಶಾಣ್ಯಾರನ್ನ ಮ್ಯಾಲ ಕುಂದ್ರಸ್ರಿ, ಕಾಟಾ ಆ ಅಂಕಿ ದಾಟಲಿ" ಅಂದ್ರು.

ಕುಂತ್ರು. ಮುಂದ ಸುನೀಲ, ಕಾಲು ಚಾಚಿ, ಹಿಂದ ಇನಾಯತ, ಕಣ್ಣೀರು ಸುರಿಸ್ಕೋತ. ನಾಕು ಹಮಾಲರು ಆಚಿ ಈಚಿ ನಿಂತ್ರು, ಮತ್ತ ಬಿದ್ದೀತು ಅಂತ. ಎರಡ್ನೂರ ಐವತ್ತೇಳು ಆತು. ಇನ್ನೂ ಕಮ್ಮಿ. ಹಾಸಿಗಿ ಹಿಡಿದು ಸುನೀಲ ಇಳಿದಾನ, ಇನಾಯತ ಮೊದಲೇ ಸಣಕಲ. ಅಷ್ಟ್ರಾಗ ನಿಮ್ಮ ಮಗಳು ನನ್ನ ಕೈ ಬಿಡಿಸ್ಕೊಂಡು "ನಾ ಏರ್ತೀನಿ" ಅಂತ ಓಡಿ ಹೋದಳು, ಹಮಾಲ ಅಮಾತೆಪ್ಪ ಎತ್ತಿ ಟಾಕಿ ಮ್ಯಾಲ ಕುಂದ್ರಿಸಿದ. ಅಂಕಿ ಎರಡ್ನೂರ ಎಪ್ಪತ್ತು ದಾಟಿತು. ಸಾಹುಕಾರರು "ಈಗ ಹೆಚ್ಚಾತಲ್ಲವಾ" ಅಂದ್ರ ಅತ್ತಿಯವರು "ಹೆಚ್ಚಾದ್ರ ಆಗ್ಲಿ, ದೇವರಿಗೇನು ಹೊರಾಕ ಭಾರಾ?" ಅಂದ್ರು. ಇಡೀ ಅಂಗಡಿ ನಕ್ಕಿತು. ಮಾವನ ಗಾಡಿ, ಮ್ಯಾಲ ಎರಡು ಹುಡುಗರು, ಒಂದು ಹಲ್ಲಿಲ್ಲದ ಕೂಸು, ಇಷ್ಟು ಕೂಡಿದ ಮ್ಯಾಲ ಆ ದೊಡ್ಡ ಗಾಡಿಗಿ ಸಮ ಆತು. ಎರಡು ಗಾಡಿಯೊಳಗ ಯಾವುದು ಹೆಚ್ಚು ಅಂತ ಚಾ ಹೋಟೆಲಿನವರು ಇನ್ನೂ ಜಗಳ ಆಡಾಕತ್ತಾರಂತ. ನನ್ನ ಕೇಳಿದ್ರ, ಓಟದಾಗ ಅದು ಹೆಚ್ಚು, ಅದಕ್ಕ ಮಾತಿಲ್ಲ. ಆದ್ರ ಅದರ ಮ್ಯಾಲ ಕುಂತು ನಾ ಪರೀಕ್ಷಾಕ್ಕ ಹೋಗಿಲ್ಲ.

ಬೆಲ್ಲ ಅಷ್ಟೂ ಟೆಂಪೋದಾಗ ತಿಂಥಣಿಗೆ ಮುಟ್ಟೇದ. ಇನಾಯತನ ಸುದ್ದಿ ಸಂಜಿ ಆಗೋದ್ರಾಗ ಗ್ಯಾರೇಜಿಗೆ ಹೋಗಿತ್ತು. ಮುಷರಫ ಭಾಯಿ ಸಿಟ್ಟಿಗೆದ್ದು "ಮಾಲಕಗ ನೀನೇ ಫೋನ್ ಹಚ್ಚಿ ಹೇಳು, ಅವ ಕೆಲಸದಿಂದ ತೆಗಿ ಅಂದ್ರ ತೆಗೀತೀನಿ, ಇಟ್ಕೋ ಅಂದ್ರ ಇಟ್ಕೋತೀನಿ" ಅಂದಾರ. ಮರುದಿನ ಆ ಗುತ್ತೇದಾರರ ಮಗ ತಾನೇ ಬಂದ. ಇನಾಯತ ರಿಪೇರಿ ಮಾಡಿ ಮುಚ್ಚಿದ್ದ ಗೀರು ಬಗ್ಗಿ ನೋಡಿದ, ಸುನೀಲನ ಕಾಲು ನೋಡಾಕ ನಮ್ಮ ಮನಿಗೂ ಬಂದ. ಚಾ ಕುಡಿದು, ಅತ್ತಿಯವರು ಒಳಗ ಹೋದದ್ದು ನೋಡಿ, ಸಣ್ಣ ದನಿಲೆ "ನನ್ನ ಕೈಯಾಗೂ ಎರಡು ಸಲ ನಿಂತಲ್ಲೇ ಬಿದ್ದದ ವೈನಿ, ನಮ್ಮ ಮನ್ಯಾಗ ಹೇಳಿಲ್ಲ" ಅಂದ. ನಾ ನಗಿ ತಡಿಯಾಕ ಸೆರಗು ಬಾಯಾಗಿಟ್ಟೆ. ಇನಾಯತನ ಕೆಲಸ ಉಳೀತು. ಕುಬ್ರಾಬೇಗಂ ಬಂದು ಅತ್ತಿಯವರನ್ನ ತಬ್ಕೊಂಡು ಅತ್ತು, ಖೀರು ಕೊಟ್ಟು ಹೋಗ್ಯಾರ.

ಎಲ್ಲಾ ಚೊಲೋ ಆಗ್ಯಾದ. ಒಂದೇ ಉಳಿದದ. ಆ ಗಾಡಿ ಯಾರ ಕಾಲೂ ಮುರಿದಿಲ್ಲ. ನೀವು ಮಾರಾಕ ಹೇಳಿದ ಕಾರಣ ಸುಳ್ಳಾಗ್ಯಾದ. ಆದ್ರ ನೀವು ಮಾತು ಕೊಟ್ಟೀರಿ, ನಿಮ್ಮ ಮಾತು ಮುರಿಯೋ ಧೈರ್ಯ ನನಗಿಲ್ಲ. ಅದಕ್ಕ ಕೇಳಾಕತ್ತೇನಿ. ಹೈದರಾಬಾದಿನವರು ಬರೋದು ತಿಂಗಳ ಕೊನಿಗೆ, ಅಷ್ಟ್ರಾಗ ಈ ಪತ್ರ ಮುಟ್ಟತದ. ಕೊಡಬ್ಯಾಡ ಅಂತ ಒಂದು ಮಾತು ಅಂದ್ರ ಸಾಕು, ಮುಂದಿಂದು ನಾ ನೋಡ್ಕೋತೀನಿ. ಮತ್ತ ಸುನೀಲ ಮಾಡಿದ್ದು ಖರೇನೇ ತಪ್ಪು, ನಿಮ್ಮ ಮಾತು ಮುರಿದು ಗಾಡಿ ದೂರ ಒಯ್ದ, ಮಂದಿ ಗಾಡಿ ಓಡಿಸಿದ, ಸುಳ್ಳು ಹೇಳಿದ. ಬೈರಿ. ಆದ್ರ ಗೆಳೆಯನ ಅನ್ನ ಉಳಿಸಾಕ ಅಪ್ಪನ ಗಾಡಿ ಹೆಸರು ಕೆಡಿಸಿ ಅದಕ್ಕಾಗಿ ತಾನೇ ಅತ್ತ ಹುಡುಗ ಅವ. ಇಂಥಾ ತಮ್ಮ ಎಲ್ಲಾರಿಗೂ ಇರಂಗಿಲ್ಲ.

ಅತ್ತಿಯವರು ನಿಮ್ಮ ತಲಿ ಮ್ಯಾಲ ಕೈ ಇಟ್ಟಾರ ಅಂತ ಬರಿ ಅಂದಾರ. ಮೌನೇಶ್ವರಿ ಅಫ್ಫಗ ಮುದ್ದು ಕೊಟ್ಟಾಳ. ಕಾಟಾದ ಮ್ಯಾಲಿನ ಫೋಟೋ ಒಂದು ಒಳಗ ಇಟ್ಟೀನಿ, ಅದರಾಗ ನಾ ಇಲ್ಲ, ನಾ ಅಳಾಕತ್ತಿದ್ದೆ. ಕಿವಿ ಮುಚ್ಚುವಂಗ ಟೊಪಿಗಿ ಹಾಕ್ಕೋರಿ, ಇಳುಕಲಿನಾಗ ಲಾರಿ ಸಾವಕಾಶ ಬಿಡ್ರಿ, ಮನ್ಯಾಗ ದಾರಿ ನೋಡೋರು ಮೂರು ಮಂದಿ ಅಲ್ಲ, ನಾಕು ಮಂದಿ ಇದ್ದೀವಿ ಅಂತ ನೆನಪಿರ್ಲಿ.

ಇಂತಿ ನಿಮ್ಮ,
ಪರಿಮಳಾ

ತಾ.ಕ.: ಐತ್ವಾರ ಮುಂಜಾನಿ. ಲಕೋಟಿ ಅಂಟಿಸಬೇಕು ಅನ್ನೋದ್ರಾಗ ಹೈದರಾಬಾದಿನವರು ಟೆಂಪೋ ತಗೊಂಡು ಬಂದೇಬಿಟ್ರು. ಈ ಕಡಿ ಕೆಲಸ ಇತ್ತಂತ, ಮುಂಚೇನೇ ಬಂದ್ರಂತ. ನಿಮಗ ಫೋನ್ ಹಚ್ಚಿದೆ, ಹತ್ತಲಿಲ್ಲ. ಅತ್ತಿಯವರು ನೋಡಾಕ ಆಗಂಗಿಲ್ಲ ಅಂತ ಒಳಗ ಹೋದ್ರು. ಸುನೀಲ ಕೀಲಿ ತಂದು ಅವರ ಕೈಯಾಗ ಇಡಾಕ ಹೋದ. ಯಾಕಲೇ ಅಂದ್ರ, "ಅಣ್ಣ ಮಾತು ಕೊಟ್ಟಾನ ವೈನಿ, ಅಣ್ಣನ ಮಾತು ಒಂದ್ಸಲ ಮುರದೀನಿ, ಇನ್ನೊಮ್ಮಿ ಮುರಿಯಂಗಿಲ್ಲ" ಅಂದ. ನಾ ಅವನ ಕೈಯಾಗಿಂದ ಕೀಲಿ ಕಸ್ಕೊಂಡೆ. ಬಂದವರಿಗೆ, ನಮ್ಮ ಮನಿಯವರು ಮಾತು ಕೊಟ್ಟಾಗ ಅವರಿಗೆ ಖರೆ ಗೊತ್ತಿರ್ಲಿಲ್ಲರಿ, ಗೊತ್ತಿದ್ದೂ ನಾ ಗಾಡಿ ಕೊಟ್ರ ಅದು ಅವರಿಗೆ ಮೋಸ, ಅಂದೆ. ಮಾರಿ ಗಂಟು ಹಾಕ್ಕೊಂಡು ಚಾ ಕುಡಿದು ಖಾಲಿ ಟೆಂಪೋ ತಗೊಂಡು ಹೋದ್ರು. ನಿಮ್ಮ ಮಾತು ನಾ ಮುರದೀನಿ. ಸುನೀಲ ಅಲ್ಲ, ಅತ್ತಿಯವರೂ ಅಲ್ಲ, ನಾನು. ಬೈಯೋದಿದ್ರ ನನಗ ಹೊಟ್ಟಿ ತುಂಬ ಬೈರಿ. ಆದ್ರ ಮೊದಲ ಸುನೀಲಗ ಫೋನ್ ಹಚ್ಚಿ ಮಾತಾಡ್ರಿ, ಆಮ್ಯಾಲ ನನಗ ಬೈರಿ. ಅವ ಮುಂಜಾನಿಯಿಂದ ಫೋನ್ ಕೈಯಾಗ ಹಿಡ್ಕೊಂಡು ಕಟ್ಟಿ ಮ್ಯಾಲೇ ಕುಂತಾನ.